ಅಪ್ಪನ ಜೊತೆ ಲಂಡನ್ನಿನ ದೀಪ ನೋಡಿದ್ದು

(ನಮ್ಮ ಸಂಘದ ಯುಗಾದಿ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹರೂಪ)



ಹೋಳಿಗೆ ಊಟ ಆದ ಮೇಲೆ ನನ್ನನ್ನು ಮಾತಿಗೆ ನಿಲ್ಲಿಸಿದ್ದಾರೆ. ಯಾರಾದರೂ ತೂಕಡಿಸಿದರೆ ನನಗೆ ಬೇಜಾರಿಲ್ಲ. ಕಾರ್ಯದರ್ಶಿಗಳು ಫೋನ್ ಮಾಡಿ, "ಹತ್ತು ನಿಮಿಷ ಏನಾದರೂ ಮಾತಾಡಿ ಸಿಸ್ಟರ್, ಆಸ್ಪತ್ರೆ ವಿಷಯ ಒಂದು ಬಿಟ್ಟು" ಅಂದರು. ಆಸ್ಪತ್ರೆ ಬಿಟ್ಟರೆ ನನಗೆ ಲಂಡನ್ನಿನಲ್ಲಿ ಏನು ಗೊತ್ತು ಅಂತ ಯೋಚನೆ ಮಾಡಿದೆ. ಆ ಯೋಚನೆಯೇ ಇವತ್ತಿನ ವಿಷಯ.

ಇಲ್ಲಿ ನೈಟ್ ಡ್ಯೂಟಿ ಮಾಡುವವರು, ಮಾಡಿದವರು, ಒಂದು ಸಲ ಕೈ ಎತ್ತಿ ನೋಡೋಣ. ನೋಡಿ, ಅರ್ಧ ಸಭೆ ಇದೆ. ಆಸ್ಪತ್ರೆ, ಕೇರ್ ಹೋಮ್, ವೇರ್‌ಹೌಸ್, ಕ್ಯಾಬ್, ಐಟಿ ಸಪೋರ್ಟ್. ನಾವೆಲ್ಲ ಈ ಊರಿನ ರಾತ್ರಿಯಲ್ಲೇ ಬದುಕುವವರು. ಆದರೆ ಈ ಊರಿನ ರಾತ್ರಿಯನ್ನು ನಿಂತು ನೋಡಿದವರು ಎಷ್ಟು ಜನ? ನಾನಂತೂ ನೋಡಿರಲಿಲ್ಲ. 2018ರಲ್ಲಿ ಬಂದವಳು. ಟೂಟಿಂಗ್ ಮನೆ, ಆಸ್ಪತ್ರೆ, ನೈಟ್ ಬಸ್ಸು. ಬಸ್ಸಿನ ಕಿಟಕಿಗೆ ತಲೆ ಒರಗಿಸಿ ನಿದ್ದೆ ಮಾಡುತ್ತಾ ನದಿ ದಾಟಿದ್ದೆಷ್ಟು ಸಲವೋ. ಊರಲ್ಲಿ ಮಾತ್ರ "ನಮ್ ಹುಡುಗಿ ಲಂಡನ್ನಲ್ಲವ್ಳೆ" ಅಂತ ದೊಡ್ಡ ಹೆಸರು.

ಹೋದ ನವೆಂಬರಿನಲ್ಲಿ ಅಪ್ಪ ಬಂದರು. ನಮ್ಮದು ಮಳವಳ್ಳಿ ಕಡೆ. ಅಪ್ಪ ಕೆಇಬಿಯಲ್ಲಿ ಲೈನ್‌ಮನ್ ಆಗಿ ನಿವೃತ್ತರಾದವರು. ಈಗ ಹೆಸರು ಬದಲಾಗಿದ್ದರೂ ಅವರ ಬಾಯಲ್ಲಿ ಅದು ಇವತ್ತಿಗೂ ಕೆಇಬಿಯೇ. ಬಂದು ವಾರ ಆದ ಮೇಲೆ ಒಂದು ಬೆಳಗ್ಗೆ ನಾನು ಡ್ಯೂಟಿ ಮುಗಿಸಿ ಮನೆಗೆ ಬಂದರೆ, ಅವರು ಅಡುಗೆಮನೆಯಲ್ಲಿ ಕಾಫಿ ಮಾಡಿಕೊಂಡು ಕೂತಿದ್ದರು. "ಅಲ್ಲ ಕಣವ್ವಾ, ನೀನಿರೋ ಲಂಡನ್ ಎಲ್ಲದೆ? ನಂಗಿನ್ನೂ ಕಂಡೇ ಇಲ್ವಲ್ಲ" ಅಂದರು. ಛೇಡಿಸಿದ್ದಲ್ಲ, ನಿಜವಾಗಿ ಕೇಳಿದ್ದು. ನನಗೆ ಉತ್ತರ ಹೊಳೆಯಲಿಲ್ಲ.

ಅಪ್ಪನಿಗೆ ಮಂಡಿ ನೋವು, ಟ್ಯೂಬ್ ಸ್ಟೇಷನ್ನಿನ ಮೆಟ್ಟಿಲು ಆಗುವುದಿಲ್ಲ. ಹಾಗಾಗಿ ಒಂದು ಬ್ಲ್ಯಾಕ್ ಕ್ಯಾಬ್‌ ಗೊತ್ತು ಮಾಡಿದೆ. ಸಂಜೆ ಮೂರು ಗಂಟೆ ಕಾಲ ಬರೀ ನಮಗಾಗಿ, ಡ್ರೈವರೇ ಗೈಡು. ನನ್ನ ಎರಡು ಎಕ್ಸ್‌ಟ್ರಾ ಶಿಫ್ಟಿನ ದುಡ್ಡು ಅದಕ್ಕೇ ಹೋಯಿತು. ಅಪ್ಪನಿಗೆ ರೇಟು ಹೇಳಲಿಲ್ಲ, ಹೇಳಿದ್ದರೆ ಬರುತ್ತಿರಲಿಲ್ಲ.

ನವೆಂಬರಿನಲ್ಲಿ ಇಲ್ಲಿ ನಾಲ್ಕೂವರೆಗೆಲ್ಲ ಕತ್ತಲು, ನಿಮಗೆ ಗೊತ್ತಿದೆ. ಒಂದು ಸೋಮವಾರ ಆರು ಗಂಟೆಗೆ ಹೊರಟೆವು. ಡ್ರೈವರ್ ವಯಸ್ಸಾದವರು. ಲೈಸೆನ್ಸಿಗಾಗಿ 'ನಾಲೆಡ್ಜ್' ಅನ್ನುವ ಪರೀಕ್ಷೆಗೆ ನಾಲ್ಕು ವರ್ಷ ಓದಿದೆ ಅಂದರು. ಚೇರಿಂಗ್ ಕ್ರಾಸಿನಿಂದ ಸುತ್ತಲೂ ಆರು ಮೈಲಿ ದೂರದವರೆಗಿನ ಸುಮಾರು 25,000 ಬೀದಿಗಳು ತಲೆಯಲ್ಲಿರಬೇಕಂತೆ. ಮೊಪೆಡ್ ಮೇಲೆ ಮಳೆಯಲ್ಲಿ ಬೀದಿ ಬೀದಿ ಸುತ್ತಿ ಕಲಿತರಂತೆ. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಅಪ್ಪ, "ನಮ್ ಲೈನ್ ಪೆಟ್ರೋಲಿಂಗ್ ಇದ್ದಂಗೆ" ಅಂದರು. ಅಲ್ಲಿಂದ ಇಬ್ಬರಿಗೂ ಸ್ನೇಹ. ನಾನು ಮಧ್ಯದಲ್ಲಿ ಭಾಷೆಯ ಕಂಬ.

ಮೊದಲು ಆಲ್ಬರ್ಟ್ ಬ್ರಿಜ್. 1873ರದು. ಸೇತುವೆಯ ಕಂಬ, ತಂತಿ, ಅಂಚಿಗೆಲ್ಲ ಸಾಲಾಗಿ ಬಲ್ಬು, ಒಟ್ಟು ಸುಮಾರು ನಾಲ್ಕು ಸಾವಿರ. ಅಪ್ಪ ಕಾರಿನಿಂದ ಇಳಿದವರೇ, "ನಮ್ ಮೈಸೂರು ಅರಮನೆ!" ಅಂದರು. ನಿಜ, ಅದೇ ವಿಧಾನ. ಅರಮನೆಯಲ್ಲಿ ಒಂದು ಲಕ್ಷದ ಹತ್ತಿರ ಬಲ್ಬುಗಳು, ಕಟ್ಟಡದ ರೂಪವನ್ನೇ ಚುಕ್ಕಿ ಇಟ್ಟು ಬರೆದ ಹಾಗೆ. ರಂಗೋಲಿಯಂತೆ. ಸೇತುವೆಯ ತುದಿಯಲ್ಲಿ ಒಂದು ಹಳೇ ಫಲಕ ಇದೆ. ಸೈನಿಕರು ಇದರ ಮೇಲೆ ಹೆಜ್ಜೆ ಕೂಡಿಸಿ ನಡೆಯಬಾರದು ಅಂತ. ಹೆಜ್ಜೆ ಕೂಡಿದರೆ ಸೇತುವೆ ತೂಗುತ್ತದೆ. ಅದಕ್ಕೇ ಇದಕ್ಕೆ 'ನಡುಗುವ ಹೆಂಗಸು' ಅಂತ ಅಡ್ಡಹೆಸರು. ಅಪ್ಪ ಬಲ್ಬುಗಳನ್ನೇ ನೋಡುತ್ತಾ, "ಇದರಲ್ಲಿ ದಿನಾ ಎಷ್ಟು ಸುಟ್ಟೋಯ್ತವೆ? ಯಾರು ಹತ್ತಿ ಬದಲಾಯಿಸ್ತಾರೆ?" ಅಂದರು. ಈಗೆಲ್ಲ ಎಲ್‌ಇಡಿ, ಬೇಗ ಸುಡುವುದಿಲ್ಲ ಅಂತ ಡ್ರೈವರ್ ಹೇಳಿದರು. ಅಪ್ಪನಿಗೆ ಸಮಾಧಾನ ಆಯಿತು.

ಅಲ್ಲಿಂದ ಬಕಿಂಗ್‌ಹ್ಯಾಮ್ ಅರಮನೆ ದಾಟಿ ಸೇಂಟ್ ಜೇಮ್ಸ್ ಪಾರ್ಕಿನ ಕಡೆ. ಇಲ್ಲಿ ಬೆಳಕು ಬೇರೆ. ಹಳದಿ, ಮೆತ್ತಗೆ, ಹಾಲು ಹಾಕಿದ ಟೀ ಬಣ್ಣದ್ದು. ಇವು ಗ್ಯಾಸ್ ದೀಪಗಳು! ಪಕ್ಕದ ಪಾಲ್ ಮಾಲ್ ಬೀದಿಯಲ್ಲಿ 1807ರಲ್ಲೇ ಗ್ಯಾಸ್ ದೀಪ ಹಚ್ಚಿ ತೋರಿಸಿದ್ದರು. ಇವತ್ತಿಗೂ ಲಂಡನ್ನಿನಲ್ಲಿ ಬಹಳಷ್ಟು ಗ್ಯಾಸ್ ದೀಪಗಳು ಉಳಿದಿವೆ. ಅದನ್ನು ನೋಡಿಕೊಳ್ಳಲು ಕೈಬೆರಳಿನಲ್ಲಿ ಎಣಿಸುವಷ್ಟು ಜನರ ಒಂದು ತಂಡ. ಬಹಳಷ್ಟು ಕಂಬಗಳ ಒಳಗೆ ಒಂದು ಗಡಿಯಾರ, ಅದಕ್ಕೆ ಹದಿನಾಲ್ಕು ದಿನಕ್ಕೊಮ್ಮೆ ಕೀ ಕೊಡಬೇಕು. ಹಗಲು ಉದ್ದ ಆದಂತೆ, ಗಿಡ್ಡ ಆದಂತೆ ಸಮಯ ತಿರುಗಿಸಿ ಇಡಬೇಕು. 2021ರಲ್ಲಿ ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲ್ ತನ್ನ ಗ್ಯಾಸ್ ದೀಪಗಳನ್ನು ಎಲ್‌ಇಡಿ ಮಾಡಲು ಹೊರಟಾಗ ಜನ ಗಲಾಟೆ ಮಾಡಿ ಹಲವು ದೀಪಗಳನ್ನು ಉಳಿಸಿಕೊಂಡರು.

ಅಪ್ಪನಿಗೆ ಈಗ ಸುಮ್ಮನಿರಲು ಆಗಲಿಲ್ಲ. "ಅವ್ರಿಗೆ ಹೇಳು, ನಮ್ ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟ್ ತೆಗೆದ್ರು ಅಂತ. ಕೋಲಾರದ ಚಿನ್ನದ ಗಣಿಗೆ ಲೈನ್ ಎಳೆದ್ರು. ಆಮೇಲೆ 1905ರಲ್ಲಿ ಬೆಂಗಳೂರಿಗೆ ಬೀದಿ ದೀಪ ಬಂತು." ನಾನು ಹೇಳಿದೆ. ಎಷ್ಟು ದೂರದ ಲೈನು ಅಂತ ಡ್ರೈವರ್ ಕೇಳಿದರು. ಸುಮಾರು 147 ಕಿಲೋಮೀಟರ್, ಆ ಕಾಲಕ್ಕೆ ಪ್ರಪಂಚದ ಅತಿ ಉದ್ದದ ಲೈನುಗಳಲ್ಲಿ ಒಂದು. ಅವರು ಸಿಳ್ಳೆ ಹೊಡೆದರು. ಅಪ್ಪ ಸೀಟಿನಲ್ಲಿ ಸ್ವಲ್ಪ ನೆಟ್ಟಗೆ ಕೂತರು. ಹತ್ತು ವರ್ಷದಲ್ಲಿ ಅವರನ್ನು ನಾನು ಹಾಗೆ ನೋಡಿರಲಿಲ್ಲ.

ಮುಂದೆ ಸವಾಯ್ ಹೋಟೆಲಿನ ಪಕ್ಕದ ಕಾರ್ಟಿಂಗ್ ಲೇನ್ ಅನ್ನುವ ಇಳಿಜಾರು ಸಂದಿ. ಅಲ್ಲೊಂದು ದೀಪದ ಕಂಬ, ನೆಲದಡಿಯ ಚರಂಡಿಯ ಕೆಟ್ಟ ಗಾಳಿಯನ್ನು ಎಳೆದುಕೊಂಡು ಗ್ಯಾಸಿನ ಜೊತೆ ಸುಡುವಂಥದ್ದು. ಹಗಲು ರಾತ್ರಿ ಉರಿಯುತ್ತದೆ. ಇಲ್ಲಿಯವರು ಆ ಸಂದಿಗೆ ಇಟ್ಟ ಅಡ್ಡಹೆಸರನ್ನು ಈ ಸಭೆಯಲ್ಲಿ ಹೇಳಲಾರೆ, ಮಕ್ಕಳಿದ್ದಾರೆ. "ಗೋಬರ್ ಗ್ಯಾಸ್ ಅನ್ನು" ಅಂತ ಅಪ್ಪ ಜೋರಾಗಿ ನಕ್ಕರು. ಮುಂದುಗಡೆ ಐದು ನಕ್ಷತ್ರದ ಹೋಟೆಲು, ಹಿಂದುಗಡೆ ಚರಂಡಿ ದೀಪ. ಎಲ್ಲ ಊರೂ ಒಂದೇ ಅಂದರು.

ಸೇಂಟ್ ಪಾಲ್ಸ್ ಹತ್ತಿರ ಮಾತು ಕಡಿಮೆಯಾಯಿತು. 111 ಮೀಟರ್ ಎತ್ತರದ ಗೋಪುರ. ಕೆಳಗಿನಿಂದ ಬೆಳಕು ಬಿಟ್ಟಿದ್ದಾರೆ, ದೀಪ ಎಲ್ಲಿದೆ ಅಂತ ಕಾಣುವುದಿಲ್ಲ, ಕಲ್ಲು ಮಾತ್ರ ಕಾಣುತ್ತದೆ. ಅರಮನೆಯಲ್ಲಿ ಬಲ್ಬು ನೋಡುತ್ತೇವೆ, ಇಲ್ಲಿ ಕಲ್ಲು ನೋಡುತ್ತೇವೆ. ಈ ವ್ಯತ್ಯಾಸ ಅಪ್ಪನೇ ಹೇಳಿಕೊಟ್ಟಿದ್ದು. ಎರಡನೇ ಮಹಾಯುದ್ಧದಲ್ಲಿ ಈ ಊರು ವರ್ಷಗಟ್ಟಲೆ ದೀಪ ಆರಿಸಿಕೊಂಡು ಕೂತಿತ್ತು. 1940ರ ಡಿಸೆಂಬರ್ 29ರ ರಾತ್ರಿ ಸುತ್ತಮುತ್ತ ಎಲ್ಲ ಬೆಂಕಿ ಬಿದ್ದಾಗ, ಚರ್ಚಿನ ಮಾಡಿನ ಮೇಲೆ ಸ್ವಯಂಸೇವಕರು ಕಾವಲು ನಿಂತು ಬಿದ್ದ ಬೆಂಕಿ ಬಾಂಬುಗಳನ್ನು ಆರಿಸುತ್ತಾ ಅದನ್ನು ಉಳಿಸಿಕೊಂಡರು. ಅವರೂ ಒಂಥರಾ ನೈಟ್ ಶಿಫ್ಟಿನವರೇ.

ಟವರ್ ಬ್ರಿಜ್ ನೀವೆಲ್ಲ ನೋಡಿದ್ದೀರಿ, ಹೆಚ್ಚು ಹೇಳುವುದಿಲ್ಲ. 1894ರಲ್ಲಿ ತೆರೆದಾಗ ಹಬೆಯ ಎಂಜಿನ್ನಿನಿಂದ ಸೇತುವೆ ಎತ್ತುತ್ತಿದ್ದರು, 1976ರಿಂದ ವಿದ್ಯುತ್ತು. ಅಪ್ಪನಿಗೆ ಅಷ್ಟು ಸಾಕಿತ್ತು. ಅದರ ಮೇಲೆ ಹಾದು ನದಿಯ ಈಚೆ ದಡಕ್ಕೆ ಬಂದೆವು. ವಾಪಸ್ ಬರುವಾಗ ಸೇತುವೆ ಸೇತುವೆಗೂ ಬಣ್ಣದ ಬೆಳಕು, ನಿಧಾನವಾಗಿ ಉಸಿರಾಡಿದ ಹಾಗೆ ಬದಲಾಗುತ್ತದೆ. 2019ರಿಂದ 2021ರ ನಡುವೆ ಒಂಬತ್ತು ಸೇತುವೆಗಳಿಗೆ ಮಾಡಿದ್ದು. ಲಿಯೋ ವಿಲ್ಲರಿಯಲ್ ಅನ್ನುವ ಕಲಾವಿದರ ಕೆಲಸ. ನೀರಿನ ಮೇಲೆ ಬೆಳಕು ಚೆಲ್ಲದ ಹಾಗೆ ನೋಡಿಕೊಂಡಿದ್ದಾರೆ.

ಹೀಗೆ ಬಂದು ವೆಸ್ಟ್‌ಮಿನ್‌ಸ್ಟರ್ ಬ್ರಿಜ್ ಪಕ್ಕ ನಿಂತೆವು. ಎದುರಿಗೆ ಪಾರ್ಲಿಮೆಂಟು, ಬಿಗ್ ಬೆನ್. ಡ್ರೈವರ್ ಗಡಿಯಾರದ ಮುಖದ ಮೇಲುಗಡೆ ಬೆರಳು ತೋರಿಸಿದರು. ಅಲ್ಲೊಂದು ಬಿಳೀ ದೀಪ ಉರಿಯುತ್ತಿತ್ತು. ಏರ್ಟನ್ ಲೈಟ್ ಅಂತ, 1885ರದು. ಕತ್ತಲಾದ ಮೇಲೂ ಸದನ ನಡೆಯುತ್ತಿದ್ದರೆ ಅದನ್ನು ಹಚ್ಚಿಡುತ್ತಾರೆ. ಸದಸ್ಯರು ಕೆಲಸ ಮಾಡುತ್ತಿದ್ದಾರಾ ಅಂತ ವಿಕ್ಟೋರಿಯಾ ರಾಣಿಗೆ ಅರಮನೆಯಿಂದಲೇ ಕಾಣಲಿ ಅಂತ ಹಾಕಿಸಿದ್ದಂತೆ. "ನಿಂಗೂ ಅಂಥದ್ದೊಂದು ಲೈಟ್ ಇದ್ದಿದ್ರೆ ಚೆನ್ನಾಗಿತ್ತು. ಮಗಳು ಡ್ಯೂಟಿಲವ್ಳೆ ಅಂತ ನಮ್ಗೂ ಊರಿಂದ ಕಾಣೋದು" ಅಂದರು ಅಪ್ಪ.

ಅದಕ್ಕೆ ನಾನು ನಗಬೇಕಿತ್ತು. ನಗಲು ಆಗಲಿಲ್ಲ.

ಯಾಕೆಂದರೆ ನಾವು ನಿಂತಿದ್ದ ಜಾಗದ ಹಿಂದೆಯೇ ಆ ಗೋಡೆ ಶುರುವಾಗುತ್ತದೆ. ಸೇಂಟ್ ಥಾಮಸ್ ಆಸ್ಪತ್ರೆಯ ಉದ್ದಕ್ಕೂ, ಸುಮಾರು ಅರ್ಧ ಕಿಲೋಮೀಟರ್, ಕೋವಿಡ್‌ನಲ್ಲಿ ಈ ದೇಶದಲ್ಲಿ ತೀರಿಕೊಂಡವರಿಗಾಗಿ ಕೈಯಲ್ಲಿ ಬರೆದ ಕೆಂಪು ಹೃದಯಗಳು. ಎರಡು ಲಕ್ಷಕ್ಕೂ ಹೆಚ್ಚು. 2021ರ ಮಾರ್ಚಿನಲ್ಲಿ ಬರೆಯಲು ಶುರು ಮಾಡಿದ್ದು. ನದಿಯ ಆಚೆ ದಡದಲ್ಲಿ ಪಾರ್ಲಿಮೆಂಟು ಬಂಗಾರದ ಹಾಗೆ ಹೊಳೆಯುತ್ತದೆ. ಈ ಗೋಡೆಗೆ ಬರೀ ದಾರಿ ದೀಪದ ಬೆಳಕು.

2020ರ ಮಾರ್ಚ್ 26ರ ರಾತ್ರಿ ನಿಮಗೆ ನೆನಪಿರಬೇಕು. ಎಂಟು ಗಂಟೆಗೆ ಊರೆಲ್ಲ ಚಪ್ಪಾಳೆ. ವೆಂಬ್ಲಿ, ರಾಯಲ್ ಆಲ್ಬರ್ಟ್ ಹಾಲ್ ಎಲ್ಲ ನಮಗಾಗಿ ನೀಲಿ ಬೆಳಕಿನಲ್ಲಿ ಮಿಂಚಿದವು. ನಾನು ಅದನ್ನು ಮಾರನೇ ದಿನ ಫೋನಿನಲ್ಲಿ ನೋಡಿದೆ. ಆ ಎಂಟು ಗಂಟೆಗೆ ನಾನು ವಾರ್ಡಿನಲ್ಲಿ ಹ್ಯಾಂಡ್‌ಓವರ್ ತಗೊಳ್ಳುತ್ತಿದ್ದೆ.

ಮರುವರ್ಷ ಏಪ್ರಿಲಿನಲ್ಲಿ ಅಮ್ಮನಿಗೆ ಬಂತು. ಏಪ್ರಿಲ್ 23ರಿಂದ ಭಾರತ ರೆಡ್ ಲಿಸ್ಟಿಗೆ ಸೇರಿತ್ತು. ಹೋದರೆ ವಾಪಸ್ ಬಂದಾಗ ಹತ್ತು ದಿನ ಹೋಟೆಲ್ ಕ್ವಾರಂಟೈನ್, ಅದಕ್ಕೆ 1,750 ಪೌಂಡು. ರಜೆ ಸಿಗುತ್ತದಾ, ಟಿಕೆಟ್ ಸಿಗುತ್ತದಾ, ಆ ದುಡ್ಡು ಎಲ್ಲಿಂದ ತರುವುದು ಅಂತ ನಾನು ಹಾಳೆಯ ಮೇಲೆ ಲೆಕ್ಕ ಬರೆಯುತ್ತಾ ಕೂತೆ. ಎರಡು ದಿನ ಬರೆದೆ. ಮೂರನೇ ದಿನ ಅಮ್ಮ ಮಂಡ್ಯದ ಆಸ್ಪತ್ರೆಯಲ್ಲಿ ಹೋಗಿಬಿಟ್ಟರು. ಆ ಹಾಳೆಯ ವಿಷಯ ನಾನು ಅಪ್ಪನಿಗೆ ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ. ಆಮೇಲೆ ಊರಿಗೆ ಹೋದಾಗಲೂ ನಾವಿಬ್ಬರೂ ಆ ಮಾತಿನ ಸುತ್ತ ಬಳಸಿಕೊಂಡೇ ಓಡಾಡಿದ್ದೆವು.

ಅಪ್ಪ ಗೋಡೆಯ ಪಕ್ಕ ನಿಧಾನವಾಗಿ ನಡೆದರು. ಕೆಲವು ಹೃದಯಗಳ ಬಣ್ಣ ಮಾಸಿತ್ತು, ಕೆಲವು ಹೊಸದಾಗಿ ಕೆಂಪಗಿದ್ದವು. ಪ್ರತಿ ಶುಕ್ರವಾರ ಸ್ವಯಂಸೇವಕರು ಬಂದು ಮಾಸಿದ್ದಕ್ಕೆ ಮತ್ತೆ ಬಣ್ಣ ಹಚ್ಚುತ್ತಾರೆ ಅಂತ ಡ್ರೈವರ್ ಹೇಳಿದರು. "ಮೇಂಟೆನೆನ್ಸ್" ಅಂದರು ಅಪ್ಪ, ಇಂಗ್ಲಿಷಿನಲ್ಲೇ, ಅವರಿಗೆ. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮಮ್ಮಂದೂ ಒಂದು ಬರೀಬೋದಾ?" ಅಂತ ಕೇಳಿದರು. ಬ್ಯಾಗಿನಲ್ಲಿ ಪೆನ್ನು ಹುಡುಕಿ ಕೊಟ್ಟೆ. ಅವರು ಅದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತು ವಾಪಸ್ ಕೊಟ್ಟರು. "ಬ್ಯಾಡ. ಇದು ಇವ್ರ ಮನೆ ಗೋಡೆ. ನಮ್ಮದು ನಾವು ಊರಲ್ಲಿ ಮಾಡಿದೀವಿ."

ಆಗ ನಾನು ಹಾಳೆಯ ವಿಷಯ ಹೇಳಿದೆ. ನದಿ ಕಡೆ ಮುಖ ಮಾಡಿಕೊಂಡು ಹೇಳಿದೆ.

ಅಪ್ಪ ಕೂಡಲೇ ಏನೂ ಅನ್ನಲಿಲ್ಲ. ಆಮೇಲೆ, "ನಂಗೆ ಕ್ವಾಪ ಇತ್ತು ಕಣ್ ಮಗಾ. ಇಲ್ಲ ಅಂದ್ರೆ ಸುಳ್ಳಾಯ್ತದೆ" ಅಂದರು. ಇನ್ನೊಂದು ನಾಲ್ಕು ಹೆಜ್ಜೆ ನಡೆದ ಮೇಲೆ, "ಅವ್ಳು ಮಾತ್ರ ಕೊನೇಗಂಟ ಬೈಲಿಲ್ಲ. ಅವ್ಳಿಗೆ ರಾತ್ರಿ ಊಟ ಕೊಡ್ತಾರಾ ಅಂತ ಕೇಳ್ತಿದ್ಲು" ಅಂದರು. ಅಷ್ಟೇ. ಕ್ಷಮಿಸಿದೆ ಅಂತಲೂ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆದರೆ ಕಾರಿನ ಹತ್ತಿರ ಬಂದಾಗ ನನ್ನ ಭುಜ ಹಿಡಿದುಕೊಂಡು ಹತ್ತಿದರು. ಅದುವರೆಗೆ ಬಾಗಿಲು ಹಿಡಿದುಕೊಂಡು ಹತ್ತುತ್ತಿದ್ದರು.

ಕೊನೆಗೆ ಲ್ಯಾಂಬೆತ್ ಬ್ರಿಜ್ ದಾಟಿದ ಕೂಡಲೇ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ನಿಲ್ಲಿಸಿ ಅಂದೆ. ನಮ್ಮ ಬಸವಣ್ಣನ ಪ್ರತಿಮೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ಬಂದಿದ್ದು, 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಕಾಯಕದ ಮಾತು ಹೇಳಿದವರು ನದಿಯ ಈಚೆ ದಡದಲ್ಲಿ, ಪಾರ್ಲಿಮೆಂಟಿನ ಸಮೀಪದಲ್ಲೇ ಇದ್ದಾರೆ. ಈ ಸಲ ಡ್ರೈವರಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಈ ದಾರಿಯಲ್ಲಿ ಓಡಾಡಿದ್ದೇನೆ, ಇವರು ಯಾರು ಅಂತ ಕೇಳಿರಲಿಲ್ಲ ಅಂದರು. ಅಪ್ಪ ಹೇಳಿದರು, ನಾನು ಅನುವಾದ ಮಾಡಿದೆ. 25,000 ಬೀದಿಯ ಜೊತೆಗೆ ಅವರು ಇದನ್ನೂ ತಲೆಯಲ್ಲಿ ಇಟ್ಟುಕೊಂಡರು.

ನಾನು ಹೇಳಬೇಕೆಂದಿದ್ದು ಇಷ್ಟೇ. ನಾವು ಈ ಊರಿನ ರಾತ್ರಿ ಕೆಲಸ ಮಾಡುತ್ತೇವೆ. ಆ ಕಂಬದ ಗಡಿಯಾರಕ್ಕೆ ಕೀ ಕೊಡುವವರ ಹಾಗೆ, ಆ ಗೋಡೆಗೆ ಬಣ್ಣ ಹಚ್ಚುವವರ ಹಾಗೆ. ಒಂದು ಸಂಜೆ ಮಾತ್ರ ಕೆಲಸ ಬಿಟ್ಟು, ಸುಮ್ಮನೆ ನೋಡಲು ಹೋಗಿ. ಕ್ಯಾಬೇ ಬೇಕು ಅಂತಿಲ್ಲ. ಮಂಡಿ ಗಟ್ಟಿ ಇದ್ದರೆ ವೆಸ್ಟ್‌ಮಿನ್‌ಸ್ಟರ್ ಬ್ರಿಜ್‌ನಿಂದ ಟವರ್ ಬ್ರಿಜ್‌ವರೆಗೆ ದಕ್ಷಿಣ ದಡದಲ್ಲಿ ನಡೆಯಿರಿ, ಸುಮಾರು ನಾಲ್ಕು ಕಿಲೋಮೀಟರ್, ಒಂದು ಪೆನ್ನಿ ಖರ್ಚಿಲ್ಲ. ಊರಿನಿಂದ ಅಪ್ಪ ಅಮ್ಮ ಬಂದಿದ್ದರೆ ಕರೆದುಕೊಂಡು ಹೋಗಿ. ಮನೆಯ ನಾಲ್ಕು ಗೋಡೆಯ ಒಳಗೆ, ಟೀವಿ ಎದುರು ಆಡಲಾಗದ ಮಾತು ಕತ್ತಲಲ್ಲಿ, ಇಬ್ಬರೂ ಬೇರೆ ಏನನ್ನೋ ನೋಡುತ್ತಿರುವಾಗ ಬಾಯಿಗೆ ಬರುತ್ತದೆ.

ಅಪ್ಪ ಈಗ ಊರಲ್ಲಿದ್ದಾರೆ. ಫೋನ್ ಮಾಡಿದಾಗ ಮೊದಲು ಕೇಳುವುದು, "ಇವತ್ತು ಲೈಟ್ ಉರೀತಾ ಅದಾ?" ಅಂತ. ನೈಟ್ ಡ್ಯೂಟಿ ಇದೆಯಾ ಅಂತ ಅರ್ಥ. ಇದ್ದರೆ, "ಉರೀತಾ ಅದೆ ಅಪ್ಪ" ಅನ್ನುತ್ತೇನೆ. "ಊಟ ಮಾಡ್ಕೊಂಡು ಹೋಗು" ಅನ್ನುತ್ತಾರೆ.

ಇವತ್ತೂ ಉರಿಯುತ್ತದೆ. ಎಂಟಕ್ಕೆ ಡ್ಯೂಟಿ, ಹೊರಡಬೇಕು. ನಮಸ್ಕಾರ.