ಗೋಡೆಯ ಮೇಲಣ ನರಕ



ನರಕವೆಂದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣಿಗೆ ಕಟ್ಟುವುದು ಕಳೆದ ಶತಮಾನದ ಜಾತ್ರೆಗಳಲ್ಲಿ ಮಾರಾಟವಾಗುತ್ತಿದ್ದ ಅಚ್ಚಿನ ಪಟ. ನಡುವೆ ಯಮಧರ್ಮ, ಪಕ್ಕದಲ್ಲಿ ಲೆಕ್ಕದ ಪುಸ್ತಕ ಹಿಡಿದ ಚಿತ್ರಗುಪ್ತ, ಸುತ್ತಲೂ ಚೌಕಚೌಕವಾಗಿ ಶಿಕ್ಷೆಗಳು: ಒಬ್ಬನ ನಾಲಗೆಗೆ ಇಕ್ಕಳ, ಒಬ್ಬನ ಮೈಗೆ ಗರಗಸ, ಮತ್ತೊಬ್ಬನಿಗೆ ಕುದಿಯುವ ಎಣ್ಣೆಯ ಕೊಪ್ಪರಿಗೆ. ಅಚ್ಚು ಹೊಸದು, ಪದ್ಧತಿ ಬಹು ಹಳೆಯದು. ವಿಶಾಖದತ್ತನ ‘ಮುದ್ರಾರಾಕ್ಷಸ’ ನಾಟಕದಲ್ಲಿ ಚಾಣಕ್ಯನ ಗೂಢಚಾರನೊಬ್ಬನು ಯಮಪಟವನ್ನು ಹಿಡಿದು, ಹಾಡುತ್ತ, ಮನೆಮನೆಯ ಗುಟ್ಟನ್ನು ತಿಳಿದು ಬರುತ್ತಾನೆ. ಯಮನ ಚಿತ್ರಕ್ಕೆ ತೆರೆಯದ ಬಾಗಿಲಿರಲಿಲ್ಲವೆಂದು ತೋರುತ್ತದೆ!

ಈ ಪಟಗಳಲ್ಲಿ ಒಂದು ಕೊರತೆಯುಂಟು. ನೋಡುವವನು ಅದರಲ್ಲಿ ತನ್ನನ್ನು ಹುಡುಕುವುದಿಲ್ಲ. ನೆರೆಮನೆಯವನಿಗೆ ಯಾವ ಚೌಕ ಕಾದಿದೆಯೆಂದು ಹುಡುಕುತ್ತಾನೆ.

ಇದಕ್ಕೆ ಪ್ರತಿಯಾಗಿ ಶ್ರವಣಬೆಳಗೊಳದ ಜೈನಮಠದ ಗೋಡೆಗಳನ್ನು ನೋಡಬೇಕು. ತೀರ್ಥಂಕರರ ಚರಿತ್ರೆ, ನಾಗಕುಮಾರನ ಕಥೆ, ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರ ದಸರೆಯ ದರ್ಬಾರು ಇವುಗಳ ನಡುವೆ ಅಲ್ಲಿ ಒಂದು ಮರವುಂಟು, ಆರು ಜನ ಮನುಷ್ಯರುಂಟು. ಇದು ಷಡ್ಲೇಶ್ಯೆಗಳ ಚಿತ್ರ. ಲೇಶ್ಯೆಯೆಂದರೆ ಮನೋಭಾವದಿಂದ ಆತ್ಮಕ್ಕೆ ಹತ್ತುವ ಬಣ್ಣ. ದೃಷ್ಟಾಂತವು ಚಾವುಂಡರಾಯನ ಕಾಲದವನಾದ ನೇಮಿಚಂದ್ರಾಚಾರ್ಯನ ‘ಗೊಮ್ಮಟಸಾರ’ದಲ್ಲಿಯೂ ಬಂದಿದೆ. ದಾರಿತಪ್ಪಿದ ಆರು ಪಥಿಕರು ಕಾಡಿನಲ್ಲಿ ಹಣ್ಣಿನ ಮರವೊಂದನ್ನು ಕಾಣುತ್ತಾರೆ. ಒಬ್ಬನು ಬುಡವನ್ನೇ ಕಡಿಯಬೇಕೆನ್ನುತ್ತಾನೆ. ಅವನದು ಕೃಷ್ಣಲೇಶ್ಯೆ, ಕಪ್ಪು. ಎರಡನೆಯವನು ದೊಡ್ಡ ಕೊಂಬೆ ಸಾಕೆನ್ನುತ್ತಾನೆ, ಅದು ನೀಲ. ಮೂರನೆಯವನು ರೆಂಬೆ ಎನ್ನುತ್ತಾನೆ. ಅದು ಪಾರಿವಾಳದ ಬೂದು. ಹೀಗೆ ಬಣ್ಣ ತಿಳಿಯಾಗುತ್ತ ಹೋಗಿ, ಆರನೆಯವನು ತಾನಾಗಿ ಉದುರಿದ ಹಣ್ಣನ್ನಷ್ಟೇ ಆಯುತ್ತಾನೆ. ಅವನದು ಶುಕ್ಲ.

ಇಲ್ಲಿ ನರಕವೆಲ್ಲಿ? ನಾರಕಿಗಳಿಗೆ ಇರುವುದು ಮೊದಲ ಮೂರು ಬಣ್ಣಗಳೇ ಎಂದು ಜೈನಶಾಸ್ತ್ರ ಹೇಳುತ್ತದೆ. ರತ್ನಪ್ರಭೆಯಿಂದ ಮಹಾತಮಃಪ್ರಭೆಯವರೆಗಿನ ಏಳು ನೆಲೆಗಳಲ್ಲಿ ತೀರ್ಪು ಹೇಳುವ ಯಮನಿಲ್ಲ, ಕರ್ಮವೇ ಒಯ್ಯುತ್ತದೆ. ತೀರ ಕೆಳಗೆ ಸುಡುವುದು ಬೆಂಕಿಯಲ್ಲ, ಚಳಿ. ಇಟಲಿಯ ಡಾಂಟೆ ಕವಿಯೂ ನರಕದ ತಳದಲ್ಲಿ ಹಿಮವನ್ನೇ ಇಟ್ಟನೆಂಬುದನ್ನು ನೆನೆದರೆ ವಿಸ್ಮಯವಾಗುತ್ತದೆ. ಆದರೆ ಮರದ ಚಿತ್ರಕ್ಕೆ ಬೆಂಕಿಯೂ ಬೇಡ, ಹಿಮವೂ ಬೇಡ. ಕೊಡಲಿಯನ್ನು ನೆನೆದ ಗಳಿಗೆಯಲ್ಲೇ ನರಕದ ಬಣ್ಣ ಹತ್ತಿಯಾಯಿತು. ಆರು ಜನರಿಗೂ ಹಸಿವು ಒಂದೇ ಎಂಬುದನ್ನು ಮರೆಯಬಾರದು.

ಹೊಸ ಕಾಲವು ಹಳೆಯ ಚಿತ್ರಗಳಿಂದ ಆರಿಸಿಕೊಂಡದ್ದು ಭೀಕರವನ್ನು. 1516ರಲ್ಲಿ ತೀರಿಕೊಂಡ ಡಚ್ ಚಿತ್ರಕಾರ ಬಾಷ್ ಬರೆದ ನರಕದ ವಿಕಾರಗಳಲ್ಲಿ 20ನೆಯ ಶತಮಾನದ ಸರ್ರಿಯಲಿಸ್ಟರು ತಮ್ಮ ಪೂರ್ವಜನನ್ನು ಕಂಡರು. ಅವನ ಭಕ್ತಿಯ ಗೊಡವೆಗೆ ಹೆಚ್ಚಾಗಿ ಹೋಗಲಿಲ್ಲ. ನಮ್ಮ ಸಿನಿಮಾಗಳಲ್ಲಿ ಯಮಲೋಕವು ನಗೆಯ ಸಾಮಗ್ರಿಯಾಯಿತು. ಅದರಲ್ಲಿ ತಪ್ಪೇನೂ ಇಲ್ಲ. ಗರಗಸಕ್ಕೆ ಹೆದರಿದ ಮಕ್ಕಳು ಬೆಳೆದ ಮೇಲೆ ಗರಗಸವನ್ನು ನೋಡಿ ನಗುವುದು ಸಹಜವೇ. ಮರವನ್ನು ನೋಡಿ ನಗುವುದು ಅಷ್ಟು ಸುಲಭವಲ್ಲ.

ಮಠಕ್ಕೆ ಹೋದ ಮೈಸೂರಿಗರು ದರ್ಬಾರಿನ ಚಿತ್ರದಲ್ಲಿ ಮಹಾರಾಜರನ್ನು ಗುರುತಿಸಿ ಹರ್ಷಪಡುವುದು ಸರಿಯೇ. ಮಕ್ಕಳು ಜತೆಗಿದ್ದರೆ ಮರದ ಮುಂದೆಯೂ ನಿಲ್ಲಿಸಿ, ಆರು ಜನರಲ್ಲಿ ನೀನು ಯಾರೆಂದು ಕೇಳಿ ನೋಡಬಹುದು.