ಎತ್ತರಿಸಿದ ಜೀಪಿನ ಮುಂಭಾಗದ ಸದ್ದು: ಮೂಲ ಪತ್ತೆ ಮಾಡುವ ಬಗೆ



ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಹಳೆಯ ಜೀಪುಗಳು ಇಂದಿಗೂ ದುಡಿಯುತ್ತಿವೆ. ಗೊಬ್ಬರದ ಮೂಟೆ, ಸಿಂಪರಣೆಯ ಪಂಪು, ಕೊಯ್ಲಿಗೆ ಬರುವ ಕಾರ್ಮಿಕರು, ಎಲ್ಲವೂ ಅವುಗಳಲ್ಲೇ ಸಾಗಬೇಕು. ಮಳೆಗೆ ಕೊರಕಲು ಬಿದ್ದ ದಾರಿಯಲ್ಲಿ ತಳ ತಾಗದಿರಲೆಂದು ಕೆಲವರು ಉದ್ದನೆಯ ಶ್ಯಾಕಲ್ ಹಾಕಿಸಿ, ಕಮಾನಿಗೆ ಪಟ್ಟಿ ಸೇರಿಸಿ, ದೊಡ್ಡ ಟೈರು ತೊಡಿಸಿ ಜೀಪನ್ನು ಎರಡು ಮೂರು ಅಂಗುಲ ಎತ್ತರಿಸುತ್ತಾರೆ. ಆಮೇಲೆ ಮುಂಭಾಗದಲ್ಲಿ ಸದ್ದು ಆರಂಭವಾಗುತ್ತದೆ. ಒಂದಾದ ಮೇಲೊಂದು ಬಿಡಿಭಾಗ ಬದಲಾಯಿಸಿದರೂ ಸದ್ದು ನಿಲ್ಲದೆ ಹಣ ವ್ಯರ್ಥವಾಗುವುದುಂಟು. ಸದ್ದು ಯಾವ ಸಂದರ್ಭದಲ್ಲಿ ಬರುತ್ತದೆಂಬುದನ್ನು ಮೊದಲು ಗುರುತಿಸಿ, ಆ ಬಳಿಕವೇ ಸ್ಪ್ಯಾನರ್ ಹಿಡಿಯುವುದು ಸರಿಯಾದ ಕ್ರಮ.

ಎತ್ತರಿಸಿದಾಗ ಆಗುವ ಬದಲಾವಣೆ

ಚಾಸಿ ಮೇಲೇರಿದರೂ ಮುಂದಿನ ಆಕ್ಸಲ್ ಕೆಳಗೇ ಉಳಿಯುತ್ತದೆ. ಇವೆರಡನ್ನೂ ಕೂಡಿಸುವ ಪ್ರೊಪೆಲ್ಲರ್ ಶಾಫ್ಟ್ ಮತ್ತು ಸ್ಟೀರಿಂಗಿನ ಡ್ರ್ಯಾಗ್ ಲಿಂಕ್ ಮೊದಲಿಗಿಂತ ಹೆಚ್ಚು ಓರೆಯಾಗುತ್ತವೆ. ಶಾಫ್ಟಿನ ಕ್ರಾಸ್ ಹೆಚ್ಚು ಕೋನದಲ್ಲಿ ತಿರುಗಿ ಬೇಗ ಸವೆಯುತ್ತದೆ. ಶ್ಯಾಕಲ್ ಉದ್ದವಾದಾಗ ಆಕ್ಸಲ್ ಸ್ವಲ್ಪ ಹೊರಳುವುದರಿಂದ ಕ್ಯಾಸ್ಟರ್ ಕೋನವೂ ಬದಲಾಗಿ, ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವ ಗುಣ ಕುಂದುತ್ತದೆ. ದೊಡ್ಡ ಟೈರಿನ ಭಾರ ಬೇರಿಂಗ್ ಮತ್ತು ಕಿಂಗ್ ಪಿನ್ನುಗಳ ಮೇಲೆ ಬೀಳುತ್ತದೆ.

ಸದ್ದು ಯಾವಾಗ, ದೋಷ ಎಲ್ಲಿ?

1. ಹಳ್ಳದಿಣ್ಣೆಯಲ್ಲಿ 'ಟಕ್' ಎನ್ನುವ ಸದ್ದು: ಶ್ಯಾಕಲ್ ಬುಷ್, ಶಾಕ್ ಅಬ್ಸಾರ್ಬರಿನ ರಬ್ಬರು ಮತ್ತು ಕಮಾನಿನ ಯು-ಬೋಲ್ಟುಗಳನ್ನು ನೋಡಬೇಕು. ಯು-ಬೋಲ್ಟ್ ಸಡಿಲವಾದರೆ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ಲೇ ಹಿಂದುಮುಂದೆ ಸರಿಯಬಹುದು. ಕಮಾನು ಬಿಚ್ಚಿ ಜೋಡಿಸಿದ ನಂತರ ಕೆಲವು ದಿನ ಓಡಿಸಿ ಈ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಗೊಳಿಸುವುದು ಅಗತ್ಯ.

2. ವೇಗದೊಂದಿಗೆ ಏರುವ 'ಗುಂಯ್' ಎನ್ನುವ ಸದ್ದು: ಇದಕ್ಕೆ ಟೈರು, ಹಬ್ ಬೇರಿಂಗ್, ಪ್ರೊಪೆಲ್ಲರ್ ಶಾಫ್ಟ್ ಯಾವುದಾದರೂ ಕಾರಣವಾಗಿರಬಹುದು. ಹಬ್ಬುಗಳನ್ನು ಬಿಡಿಸುವ ಸೌಕರ್ಯವಿದ್ದರೆ ಬಿಡಿಸಿ, ಇಲ್ಲದಿದ್ದರೆ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಕಳಚಿಟ್ಟು, ಹಿಂದಿನ ಎರಡೇ ಚಕ್ರದ ಎಳೆತದಲ್ಲಿ ಸಮತಟ್ಟಾದ ದಾರಿಯಲ್ಲಿ ಓಡಿಸಬೇಕು. ಹಬ್ ಬಿಡಿಸಿದಾಗ ಸದ್ದು ಹೋದರೆ ದೋಷ ಶಾಫ್ಟಿನಲ್ಲಿ ಅಥವಾ ಮುಂದಿನ ಆಕ್ಸಲ್ಲಿನ ಒಳಗೆ. ಶಾಫ್ಟ್ ಕಳಚಿದಾಗ ಹೋದರೆ ಹೆಚ್ಚಾಗಿ ಶಾಫ್ಟಿನಲ್ಲೇ. ಹಬ್ ಬಿಡಿಸಿದರೂ ಸದ್ದು ಉಳಿದರೆ ಚಕ್ರದ ಕಡೆ, ಶಾಫ್ಟ್ ಕಳಚಿದರೂ ಉಳಿದರೆ ಚಕ್ರದ ಕಡೆ ಅಥವಾ ಆಕ್ಸಲ್ಲಿನ ಒಳಗೆ ಹುಡುಕಬೇಕು.

3. ನಾಲ್ಕು ಚಕ್ರದ ಎಳೆತದಲ್ಲಿ ತಿರುಗಿಸುವಾಗ 'ಕಟಕಟ' ಸದ್ದು: ಆಕ್ಸಲ್ಲಿನ ತುದಿಯಲ್ಲಿರುವ ಜಾಯಿಂಟ್ ಸವೆದಿರುವ ಸೂಚನೆ. ಆದರೆ ಈ ಪರೀಕ್ಷೆಯನ್ನು ಡಾಂಬರು ರಸ್ತೆಯಲ್ಲಿ ಮಾಡಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸಾಗುವುದರಿಂದ ಗಟ್ಟಿ ನೆಲದಲ್ಲಿ ಇಡೀ ಎಳೆತದ ವ್ಯವಸ್ಥೆ ಬಿಗಿದುಕೊಂಡು, ದೋಷವಿಲ್ಲದಿದ್ದರೂ ಸದ್ದು ಮಾಡುತ್ತದೆ.

4. ಸ್ಟೀರಿಂಗ್ ಗಡಗಡನೆ ನಡುಗುವುದು: ಕ್ಯಾಸ್ಟರ್ ಕಡಿಮೆಯಾಗಿರುವುದು, ಟೈ ರಾಡ್ ಎಂಡ್ ಅಥವಾ ಕಿಂಗ್ ಪಿನ್ ಸವೆದಿರುವುದು, ಚಕ್ರದ ಸಮತೋಲ ತಪ್ಪಿರುವುದು ಇದಕ್ಕೆ ಕಾರಣ. ಇಂತಹ ಜೀಪಿನಲ್ಲಿ ಜನರನ್ನು ಕೂರಿಸಬಾರದು.

ಕೈಯಿಂದ ಮಾಡುವ ಪರೀಕ್ಷೆ

ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಮುಂಭಾಗವನ್ನು ಜಾಕಿನಿಂದ ಎತ್ತಿ, ಆಕ್ಸಲ್ಲಿನ ಕೆಳಗೆ ಭದ್ರವಾದ ಸ್ಟ್ಯಾಂಡ್ ಇಡಬೇಕು. ಜಾಕನ್ನೇ ನಂಬಿ ವಾಹನದ ಕೆಳಗೆ ಹೋಗಬಾರದು.

ಚಕ್ರದ ತಲೆ ಮತ್ತು ಬುಡವನ್ನು ಹಿಡಿದು ಅಲುಗಿಸಬೇಕು. ಆಟ ಕಂಡರೆ ಇನ್ನೊಬ್ಬರಿಂದ ಬ್ರೇಕ್ ತುಳಿಸಿ ಮತ್ತೆ ಅಲುಗಿಸಬೇಕು. ಆಗ ಆಟ ನಿಂತರೆ ದೋಷ ಹಬ್ ಬೇರಿಂಗಿನದು. ಹಾಗೆಯೇ ಉಳಿದರೆ ಕಿಂಗ್ ಪಿನ್ನಿನದು. ಈ ಒಂದು ಪರೀಕ್ಷೆಯಿಂದಲೇ ಅನಗತ್ಯ ಖರ್ಚು ತಪ್ಪುವುದು.

ಬಳಿಕ ಚಕ್ರಗಳನ್ನು ನೆಲಕ್ಕಿಳಿಸಿ, ಒಬ್ಬರು ಸ್ಟೀರಿಂಗನ್ನು ಸ್ವಲ್ಪ ಎಡಕ್ಕೂ ಬಲಕ್ಕೂ ಆಡಿಸುತ್ತಿರಲು, ಇನ್ನೊಬ್ಬರು ಪ್ರತಿಯೊಂದು ಕೀಲಿನ ಮೇಲೂ ಬೆರಳಿಟ್ಟು ನೋಡಬೇಕು. ಸವೆದ ಕೀಲು ಬೆರಳಿಗೆ ತಾನೇ ತಿಳಿಯುತ್ತದೆ.

ಮರೆಯಬಾರದ ಒಂದು ಭಾಗವೆಂದರೆ ಬ್ರೇಕಿನ ರಬ್ಬರು ಕೊಳವೆ. ಚಾಸಿಯನ್ನು ಎತ್ತಿ ಆಕ್ಸಲ್ ಪೂರ್ತಿ ಜೋತುಬಿದ್ದಾಗಲೂ ಅದು ಸಡಿಲವಾಗಿರಬೇಕು. ಬಿಗಿಯಾಗಿ ಎಳೆದುಕೊಂಡಿದ್ದರೆ ಒಂದು ದಿನ ಹಳ್ಳದಲ್ಲಿ ಹರಿದುಹೋಗಬಹುದು. ಇದು ಸದ್ದು ಮಾಡಿ ಎಚ್ಚರಿಸುವುದಿಲ್ಲ.

ಪರಿಹಾರ

ಸವೆದ ಭಾಗ ಬದಲಾಯಿಸಿದರೆ ಸಾಲದು, ಸವೆತದ ಕಾರಣವನ್ನೂ ನಿವಾರಿಸಬೇಕು. ಕ್ಯಾಸ್ಟರ್ ಸರಿಪಡಿಸಲು ಕಮಾನು ಮತ್ತು ಆಕ್ಸಲ್ಲಿನ ನಡುವೆ ಬೆಣೆಯಾಕಾರದ ತಗಡು ಇಡುವುದುಂಟು. ಆದರೆ ಹಾಗೆ ಆಕ್ಸಲ್ ಹೊರಳಿಸಿದಾಗ ಡಿಫರೆನ್ಷಿಯಲ್ಲಿನ ಮೂತಿ ಕೆಳಗಿಳಿದು ಶಾಫ್ಟಿನ ಕ್ರಾಸಿಗೆ ಇನ್ನಷ್ಟು ತೊಂದರೆಯಾಗಬಹುದು. ಒಂದನ್ನು ತಿದ್ದಿದರೆ ಇನ್ನೊಂದು ಕೆಡುವಷ್ಟು ಎತ್ತರವಿದ್ದರೆ, ಎತ್ತರವನ್ನೇ ತಗ್ಗಿಸಿ ಮೂಲ ಅಳತೆಯ ಶ್ಯಾಕಲ್ ಹಾಕಿಸುವುದು ಲೇಸು. ತೋಟದ ಹಾದಿಯ ಕೊರಕಲಿಗೆ ಕಲ್ಲು ತುಂಬಿ ನೀರು ಹರಿಯಲು ಚರಂಡಿ ತೆಗೆಸಿದರೆ ಜೀಪನ್ನು ಎತ್ತರಿಸುವ ಅಗತ್ಯವೇ ಬಾರದಿರಬಹುದು.

ಕಾನೂನನ್ನೂ ಗಮನಿಸಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ನಿಗದಿಪಡಿಸಿದ ವಿವರಗಳಿಗೆ ಹೊಂದದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸುವಂತಿಲ್ಲ. ಅಪಘಾತವಾದಾಗ ವಿಮೆಯ ಹಣಕ್ಕೂ ಇದರಿಂದ ತೊಡಕಾಗಬಹುದು.

ಮಳೆ ನಿಂತು ಕಾಫಿ ಕೊಯ್ಲು ಆರಂಭವಾಗುವ ಮೊದಲು ಒಂದು ದಿನವನ್ನು ಈ ತಪಾಸಣೆಗೆ ಮೀಸಲಿಡುವುದು ಒಳಿತು. ಹಿಂದೆ ಕುಳಿತ ಕಾರ್ಮಿಕರಿಗೆ ಜೀಪಿನ ಕೀಲುಗಳ ಸ್ಥಿತಿ ತಿಳಿದಿರುವುದಿಲ್ಲ; ಅವರು ನಂಬುವುದು ಜೀಪಿನ ಒಡೆಯರನ್ನು. ಆದುದರಿಂದ ಸದ್ದು ಕೇಳಿದ ದಿನವೇ ಅದರ ಮೂಲ ಹುಡುಕುವುದು ಒಡೆಯರ ಕರ್ತವ್ಯ.