ಟಿಕೆಟ್ಟಿಗೂ ಮುಂಚಿನ ಸಿನಿಮಾ



ಭಾರತದ ಮೊದಲ ಕಥಾಚಿತ್ರವೆಂದು ಹೆಸರಾದ ‘ರಾಜಾ ಹರಿಶ್ಚಂದ್ರ’ 1913ರ ಮೇ 3ರಂದು ಮುಂಬೈಯ ಕಾರೊನೇಷನ್ ಚಿತ್ರಮಂದಿರದಲ್ಲಿ ತೆರೆ ಕಂಡಿತು. ಅಲ್ಲಿ ಗೆದ್ದ ಚಿತ್ರವನ್ನು ದಾದಾಸಾಹೇಬ್ ಫಾಲ್ಕೆ ಸೂರತ್‌ಗೆ ಒಯ್ದರು. ಮೊದಲ ದಿನದ ಗಳಿಕೆ ಮೂರು ರೂಪಾಯಿ. ಕಾರಣ ದೊಡ್ಡದೇನಲ್ಲ. ಊರಿಗೆ ಬರುತ್ತಿದ್ದ ನಾಟಕ ಕಂಪನಿಗಳು ಎರಡಾಣೆಗೆ ಆರು ಗಂಟೆ ಆಟವಾಡುತ್ತಿದ್ದವು. ಫಾಲ್ಕೆಯವರ ಪ್ರದರ್ಶನ ಒಂದೂವರೆ ಗಂಟೆಯದು, ದರ ಮೂರಾಣೆ. ದುಡ್ಡಿಗೆ ತಕ್ಕ ಮಾಲು ಎಲ್ಲಿ ಎಂಬುದು ಸೂರತ್ ಜನರ ಲೆಕ್ಕಾಚಾರ.

ಫಾಲ್ಕೆ ಚಿತ್ರ ಬದಲಿಸಲಿಲ್ಲ, ಟಿಕೆಟ್ ಇಳಿಸಲಿಲ್ಲ. ಜಾಹೀರಾತು ಬದಲಿಸಿದರು. 57,000 ಛಾಯಾಚಿತ್ರಗಳ ಪ್ರದರ್ಶನ, ಎರಡು ಮೈಲಿ ಉದ್ದದ ಚಿತ್ರ, ಇಷ್ಟೂ ಬರೀ ಮೂರಾಣೆಗೆ ಎಂದು ಸಾರಿದರು. ಜನ ಬಂದರು.

ಈ ಜಾಹೀರಾತನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. 35 ಮಿಲಿಮೀಟರ್ ಫಿಲಂನಲ್ಲಿ ಒಂದು ಅಡಿಗೆ 16 ಚಿತ್ರಗಳು. 57,000 ಚಿತ್ರಗಳೆಂದರೆ ಸುಮಾರು 3,560 ಅಡಿ. ‘ರಾಜಾ ಹರಿಶ್ಚಂದ್ರ’ದ ದಾಖಲಾದ ಉದ್ದ 3,700 ಅಡಿ. ಮೊದಲ ಅಂಕಿ ಬಹುಮಟ್ಟಿಗೆ ಸರಿ ಎಂದಾಯಿತು. ಆದರೆ ಮೈಲಿಗೆ 5,280 ಅಡಿ. ಎರಡು ಮೈಲಿ ಎಂದದ್ದು ಮುಕ್ಕಾಲು ಮೈಲಿಯೂ ಇರಲಿಲ್ಲ! ಅಡಿಪಟ್ಟಿ ಹಿಡಿದು ಅಳೆಯಲು ಯಾರೂ ಹೋಗಲಿಲ್ಲ. ಸಿನಿಮಾ ಪ್ರಚಾರವೆಂಬುದು ನಿಜ ಮತ್ತು ಉತ್ಪ್ರೇಕ್ಷೆಗಳ ಜೋಡೆತ್ತಿನ ಗಾಡಿಯಾಗಿ ನಮ್ಮ ದೇಶದಲ್ಲಿ ಹೊರಟದ್ದು ಹೀಗೆ.

ಸೀರೆ ಅಂಗಡಿಯಲ್ಲಿ ಸೆರಗು ಮುಟ್ಟಿ ನೋಡಬಹುದು. ಸಂತೆಯಲ್ಲಿ ಒಂದು ಕಡಲೆಕಾಯಿ ಒಡೆದು ಬಾಯಿಗೆ ಹಾಕಿಕೊಳ್ಳಬಹುದು. ಸಿನಿಮಾದಲ್ಲಿ ಮಾತ್ರ ದುಡ್ಡು ಮೊದಲು, ಮಾಲು ಆಮೇಲೆ. ರುಚಿಸದಿದ್ದರೆ ವಾಪಸು ಇಲ್ಲ. ಹಾಗಾಗಿ ನಿರ್ಮಾಪಕ ಏನಾದರೊಂದು ಮಾದರಿಯನ್ನು ಮುಂಚಿತವಾಗಿ ಕೈಗಿಡಲೇಬೇಕು. ಗೋಡೆಯ ಪೋಸ್ಟರ್, ಪತ್ರಿಕೆಯ ಮುಖಪುಟ, ಹಾಡಿನ ಪುಸ್ತಕ, ಟ್ರೈಲರ್ ಎಲ್ಲವೂ ಅಂಥ ಮಾದರಿಗಳೇ. ಆ ಮಾದರಿ ಬರಿಯ ಆಮಿಷವೋ ಅಥವಾ ಕೊಟ್ಟ ಮಾತೋ ಎಂಬ ಪ್ರಶ್ನೆ ಈಗ ಸುಪ್ರೀಂ ಕೋರ್ಟಿನವರೆಗೂ ಹೋಗಿ ಬಂದಿದೆ. ಅದಕ್ಕೆ ಆಮೇಲೆ ಬರೋಣ.

ಮೊದಲು ಮುಖಪುಟದ ವಿಚಾರ. ಇಲ್ಲಿ ಕನ್ನಡಿಗರು ಮರೆಯಬಾರದ ಹೆಸರೊಂದಿದೆ: ಎಸ್.ಎಂ. ಪಂಡಿತ್. 1916ರಲ್ಲಿ ಗುಲ್ಬರ್ಗಾದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ಹುಟ್ಟಿದ ಈ ಕಲಾವಿದ ಮುಂಬೈಗೆ ಹೋಗಿ ಜೆ.ಜೆ. ಕಲಾಶಾಲೆಯಲ್ಲಿ ಕಲಿತರು. ಬಾಬುರಾವ್ ಪಟೇಲ್ 1935ರಲ್ಲಿ ಆರಂಭಿಸಿದ ‘ಫಿಲ್ಮ್‌ಇಂಡಿಯಾ’ ಮಾಸಪತ್ರಿಕೆಯ ಮುಖಪುಟಗಳಿಗೆ ಅವರ ಕುಂಚ ಒದಗಿತು. ಅಂದಿನ ಚಿತ್ರಗಳು ಬಹುತೇಕ ಕಪ್ಪುಬಿಳುಪು. ನಾಯಕಿಯ ಸೀರೆ ಯಾವ ಬಣ್ಣದ್ದು, ಕೆನ್ನೆಯ ಮೇಲಿನ ಬೆಳಕು ಎಂಥದ್ದು ಎಂಬುದು ತೆರೆಯ ಮೇಲೆ ಗೊತ್ತಾಗುತ್ತಲೇ ಇರಲಿಲ್ಲ. ಮುಖಪುಟದಲ್ಲಿ ಗೊತ್ತಾಗುತ್ತಿತ್ತು. ಸಿನಿಮಾದಲ್ಲಿ ಇಲ್ಲದ್ದನ್ನು ಸಿನಿಮಾದ ಪ್ರಚಾರ ಕೊಡುತ್ತಿದ್ದ ಕಾಲವದು.

ಪಂಡಿತರ ಚಿತ್ರಗಳಲ್ಲಿ ರವಿವರ್ಮನ ದೇವಿಯರ ಮೈಕಟ್ಟು ಮತ್ತು ಹಾಲಿವುಡ್ ತಾರೆಯರ ನೋಟ ಎರಡೂ ಬೆರೆತಿದ್ದವು. ಮನೆಯ ಕ್ಯಾಲೆಂಡರಿನಲ್ಲಿ ಲಕ್ಷ್ಮಿಯನ್ನು ನೋಡಿದ ಕಣ್ಣಿಗೆ ಈ ನಟಿ ಅಪರಿಚಿತಳಾಗಿ ಕಾಣುತ್ತಿರಲಿಲ್ಲ. ಆದರೆ ಲಕ್ಷ್ಮಿಯಂತೆ ಅವಳು ದೃಷ್ಟಿ ತಗ್ಗಿಸುತ್ತಲೂ ಇರಲಿಲ್ಲ. ಕೊಳ್ಳುವವನನ್ನು ನೇರವಾಗಿ ನೋಡುತ್ತಿದ್ದಳು. ಮುಂದೆ ಪಂಡಿತರು ಪೌರಾಣಿಕ ಕ್ಯಾಲೆಂಡರ್ ಚಿತ್ರಗಳಿಂದ ಮನೆಮಾತಾದರು. 1993ರಲ್ಲಿ ತೀರಿಕೊಂಡರು. ಕಲಾವಿಮರ್ಶಕರು ‘ಕ್ಯಾಲೆಂಡರ್ ಕಲೆ’ ಎಂದು ಮೂಗು ಮುರಿದದ್ದುಂಟು. ಎಂ.ಎಫ್. ಹುಸೇನ್ ಕೂಡ ಮುಂಬೈಯಲ್ಲಿ ಸಿನಿಮಾ ಹೋರ್ಡಿಂಗ್ ಬರೆದೇ ಹೊಟ್ಟೆ ಹೊರೆದವರೆಂಬುದನ್ನು ಅದೇ ವಿಮರ್ಶಕರು ಅಕ್ಕರೆಯಿಂದ ಹೇಳುತ್ತಾರೆ, ಅದು ಬೇರೆ ಮಾತು.

ಮುಖಪುಟ ಏಕೆ ಹಾಗಿರುತ್ತದೆಂದು ತಿಳಿಯಬೇಕಾದರೆ ಬಸ್ ನಿಲ್ದಾಣದ ಪತ್ರಿಕೆ ಅಂಗಡಿಯ ಮುಂದೆ ಐದು ನಿಮಿಷ ನಿಲ್ಲಬೇಕು. ಪತ್ರಿಕೆಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಿರುತ್ತಾರೆ, ಇಲ್ಲವೆ ದಾರಕ್ಕೆ ಕ್ಲಿಪ್ ಹಾಕಿ ನೇತುಬಿಟ್ಟಿರುತ್ತಾರೆ. ಕಾಣುವುದು ಮೇಲಿನ ಕಾಲುಭಾಗ ಮಾತ್ರ. ಪತ್ರಿಕೆಯ ಹೆಸರು, ಒಂದು ಜೊತೆ ಕಣ್ಣು, ಪಕ್ಕದಲ್ಲಿ ದಪ್ಪ ಅಕ್ಷರದ ಒಂದು ಸಾಲು: ಇಷ್ಟರಲ್ಲೇ ವ್ಯಾಪಾರ ಮುಗಿಯಬೇಕು. ಬಸ್ ಹೊರಡುವ ಆತುರದಲ್ಲಿರುವವನು ಪುಟ ತಿರುವಿ ನೋಡಿ ಕೊಳ್ಳುವುದಿಲ್ಲ.

ಆ ಒಂದು ಸಾಲಿನ ಬೆಲೆಯನ್ನು ‘ಸ್ಟಾರ್‌ಡಸ್ಟ್’ ಅರಿತಷ್ಟು ಬೇರೆ ಯಾವ ಪತ್ರಿಕೆಯೂ ಅರಿತಿರಲಿಲ್ಲ. 1971ರ ಅಕ್ಟೋಬರಿನಲ್ಲಿ ಅದನ್ನು ಆರಂಭಿಸಿದ ನಾರಿ ಹೀರಾ ಜಾಹೀರಾತು ಕ್ಷೇತ್ರದವರು. ಆರಂಭದ ಸಂಪಾದಕಿ ಶೋಭಾ ಡೇ ಕೂಡ ಅದೇ ಗರಡಿಯವರು. ಮೊದಲ ಸಂಚಿಕೆಯ ಮುಖಪುಟದಲ್ಲಿ ರಾಜೇಶ್ ಖನ್ನಾ; ಕೇಳಿದ ಪ್ರಶ್ನೆ, ಅವರಿಗೆ ಮದುವೆಯಾಗಿದೆಯೇ ಎಂದು. ಅಲ್ಲಿಯ ಜಾಣತನವೆಲ್ಲ ಪ್ರಶ್ನಾರ್ಥಕ ಚಿಹ್ನೆಯಲ್ಲಿದೆ. ಮದುವೆಯಾಗಿದೆ ಎಂದು ಬರೆದರೆ ಪುರಾವೆ ಬೇಕು, ಆಗಿಲ್ಲ ಎಂದರೆ ಯಾರೂ ಕೊಳ್ಳುವುದಿಲ್ಲ. ಕೇಳುವುದಕ್ಕೇನು ಖರ್ಚು? ಖನ್ನಾ ಮದುವೆಯಾದದ್ದು 1973ರ ಮಾರ್ಚಿನಲ್ಲಿ, ಡಿಂಪಲ್ ಕಪಾಡಿಯಾ ಅವರನ್ನು. ಅಷ್ಟರೊಳಗೆ ಪ್ರಶ್ನೆ ತನ್ನ ಕೆಲಸ ಮುಗಿಸಿತ್ತು. ಅಲ್ಲಿಯವರೆಗೆ ಮುಖಪುಟ ಸಿನಿಮಾವನ್ನು ಮಾರುತ್ತಿತ್ತು. ಅಲ್ಲಿಂದಾಚೆಗೆ ನಟನ ಮನೆಯ ಬಾಗಿಲನ್ನೇ ಮಾರತೊಡಗಿತು. ನಟರು ಸಿಟ್ಟಾದರೂ ಪತ್ರಿಕೆಯನ್ನು ಬಿಟ್ಟುಕೊಡಲಿಲ್ಲ; ಹೆಸರು ಚಾಲ್ತಿಯಲ್ಲಿರಬೇಕಲ್ಲ.

ಕನ್ನಡದ ‘ವಿಜಯಚಿತ್ರ’, ‘ರೂಪತಾರಾ’, ‘ಮೇನಕಾ’ಗಳು ಇಷ್ಟು ಖಾರವಾಗಿರಲಿಲ್ಲ. ಅವುಗಳ ಬಲ ಬಣ್ಣದ ಚಿತ್ರಗಳಲ್ಲಿತ್ತು. ಮುಖಪುಟ ಮತ್ತು ನಡುಪುಟಗಳು ಪತ್ರಿಕೆಯಿಂದ ಬೇರೆಯಾಗಿ ಕ್ಷೌರದಂಗಡಿಯ ಗೋಡೆಗೆ, ಹಾಸ್ಟೆಲ್ ಕೋಣೆಯ ಬಾಗಿಲಿಗೆ, ಲಾರಿಯ ಕ್ಯಾಬಿನ್ನಿಗೆ ಏರುತ್ತಿದ್ದವು. ವರ್ಷಗಟ್ಟಲೆ ಅಲ್ಲೇ ಇರುತ್ತಿದ್ದವು. ಹಣ ಕೊಡದೆ ಇಷ್ಟು ದೀರ್ಘಕಾಲ ದೊರೆಯುವ ಪ್ರಚಾರ ಬೇರೊಂದಿಲ್ಲ.

ಹಳ್ಳಿಯ ಕಡೆ ಈ ಕೆಲಸ ಮಾಡುತ್ತಿದ್ದದ್ದು ಟೆಂಟ್ ಸಿನಿಮಾದ ಜಟಕಾ ಗಾಡಿ. ಎರಡೂ ಕಡೆ ಪೋಸ್ಟರ್ ಕಟ್ಟಿ, ತಮಟೆ ಬಾರಿಸುತ್ತ, ಮೈಕಿನಲ್ಲಿ ಇಂದೇ ಕೊನೆಯ ದಿನ ಎಂದು ಕೂಗುತ್ತ ಬರುವ ಗಾಡಿಯ ಹಿಂದೆ ಬಣ್ಣದ ಕರಪತ್ರಕ್ಕಾಗಿ ಮಕ್ಕಳ ಹಿಂಡು. ಕೊನೆಯ ದಿನ ಎಂಬುದು ವಾರವಿಡೀ ಇರುತ್ತಿತ್ತು, ಅದನ್ನು ಯಾರೂ ಸುಳ್ಳೆಂದು ಎಣಿಸುತ್ತಿರಲಿಲ್ಲ. ಇನ್ನೊಂದು ಹಾಡಿನ ಪುಸ್ತಕ. ಕೆಲವಾಣೆಯ ಆ ತೆಳು ಪುಸ್ತಕದಲ್ಲಿ ಹಾಡುಗಳ ಜೊತೆ ‘ಕಥಾಸಾರಾಂಶ’ವೂ ಇರುತ್ತಿತ್ತು. ಕಥೆ ಸರಿಯಾಗಿ ಗಂಟು ಬೀಳುವ ಹೊತ್ತಿಗೆ ನಿಂತು, ಮುಂದೇನಾಯಿತೆಂಬುದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎನ್ನುತ್ತಿತ್ತು. ಟ್ರೈಲರ್‌ನ ಸಮಸ್ತ ಶಾಸ್ತ್ರವೂ ಆ ಒಂದು ವಾಕ್ಯದಲ್ಲಿದೆ. ಎಷ್ಟು ಹೇಳಬೇಕು ಎನ್ನುವುದಕ್ಕಿಂತ ಎಲ್ಲಿ ನಿಲ್ಲಿಸಬೇಕು ಎಂಬುದೇ ಅಲ್ಲಿ ಮುಖ್ಯ.

ಟ್ರೈಲರ್ ಎಂಬ ಮಾತಿಗೆ ಹಿಂದೆ ಎಳೆದುಕೊಂಡು ಬರುವುದು ಎಂದರ್ಥ. ಮೊದಲಿಗೆ ಅದನ್ನು ತೋರಿಸುತ್ತಿದ್ದದ್ದು ಚಿತ್ರ ಮುಗಿದ ಮೇಲೆ, ಆದ್ದರಿಂದ ಆ ಹೆಸರು. ಜನ ಎದ್ದು ಹೋಗುತ್ತಾರೆಂದು ಕಂಡಾಗ ಅದನ್ನು ಮುಂದಕ್ಕೆ ತಂದರು. ಹೆಸರು ಹಾಗೇ ಉಳಿಯಿತು. 1913ರಲ್ಲಿ ನ್ಯೂಯಾರ್ಕಿನ ಲೋವ್ ಚಿತ್ರಮಂದಿರಗಳಿಗಾಗಿ ನಿಲ್ಸ್ ಗ್ರಾನ್‌ಲಂಡ್ ಎಂಬಾತ ತಯಾರಿಸಿದ ತುಣುಕನ್ನು ಮೊದಲ ಟ್ರೈಲರ್ ಎನ್ನುತ್ತಾರೆ. ತಮಾಷೆಯೆಂದರೆ ಅದು ಸಿನಿಮಾದ ಪ್ರಚಾರವೇ ಅಲ್ಲ, ಒಂದು ಸಂಗೀತ ನಾಟಕದ್ದು. 1919ರಲ್ಲಿ ನ್ಯಾಷನಲ್ ಸ್ಕ್ರೀನ್ ಸರ್ವಿಸ್ ಎಂಬ ಸಂಸ್ಥೆ ಹುಟ್ಟಿ, ಹಾಲಿವುಡ್‌ನ ಟ್ರೈಲರ್ ತಯಾರಿಕೆಯನ್ನು ದಶಕಗಳ ಕಾಲ ತನ್ನ ಕೈಯಲ್ಲಿಟ್ಟುಕೊಂಡಿತು. ಚಿತ್ರ ಮಾಡಿದವರು ಒಬ್ಬರು, ಅದರ ಮಾದರಿ ಮಾಡುವವರು ಇನ್ನೊಬ್ಬರು ಎಂಬ ಪದ್ಧತಿ ಬೇರೂರಿದ್ದು ಆಗಲೇ. ಇದು ಮುಖ್ಯ ಸಂಗತಿ. ಟ್ರೈಲರ್ ಕತ್ತರಿಸುವವನಿಗೆ ಚಿತ್ರದ ಅಂತಿಮ ಪ್ರತಿ ಸಿಗುವುದು ಅಪರೂಪ. ಸಂಕಲನ ಇನ್ನೂ ನಡೆದಿರುವಾಗಲೇ ಕೈಗೆ ಬಂದ ದೃಶ್ಯಗಳಿಂದ ಅವನು ಹೆಣೆಯುತ್ತಾನೆ. ಟ್ರೈಲರ್‌ನಲ್ಲಿ ಕಂಡ ದೃಶ್ಯ ಚಿತ್ರದಲ್ಲಿ ಕಾಣೆಯಾಗಲು ಎಷ್ಟೋ ಸಲ ಮೋಸಕ್ಕಿಂತ ಈ ಕ್ರಮವೇ ಕಾರಣ.

ಚಿತ್ರದಿಂದ ಒಂದು ದೃಶ್ಯವನ್ನೂ ತೋರಿಸದೆ ಟ್ರೈಲರ್ ಮಾಡಿದವರು ಆಲ್‌ಫ್ರೆಡ್ ಹಿಚ್‌ಕಾಕ್. 1960ರ ‘ಸೈಕೋ’ ಟ್ರೈಲರ್ ಆರು ನಿಮಿಷಕ್ಕೂ ಹೆಚ್ಚಿನದು. ಮನೆ ಬಾಡಿಗೆಗೆ ತೋರಿಸುವ ದಲ್ಲಾಳಿಯ ಗತ್ತಿನಲ್ಲಿ ಹಿಚ್‌ಕಾಕ್ ಸ್ವತಃ ಕೊಲೆ ನಡೆದ ಮೋಟೆಲು, ಮೆಟ್ಟಿಲು, ಕೋಣೆಗಳನ್ನು ಸುತ್ತಿಸುತ್ತಾರೆ. ಏನೋ ಹೇಳಹೊರಟು ನಿಲ್ಲಿಸುತ್ತಾರೆ. ಕೊನೆಗೆ ಸ್ನಾನದ ಮನೆಯ ಪರದೆ ಸರಿಸಿದಾಗ ಹೆಂಗಸೊಬ್ಬಳು ಚೀರುತ್ತಾಳೆ. ಅವಳು ಚಿತ್ರದಲ್ಲಿ ಅಲ್ಲಿ ಸಾಯುವ ಜಾನೆಟ್ ಲೀ ಅಲ್ಲ, ಕೃತಕ ಕೂದಲು ತೊಟ್ಟ ವೆರಾ ಮೈಲ್ಸ್. ಅಂದರೆ ಟ್ರೈಲರ್ ತೋರಿಸಿದ್ದು ಚಿತ್ರದಲ್ಲಿ ಇಲ್ಲವೇ ಇಲ್ಲ. ಯಾರೂ ದೂರಲಿಲ್ಲ, ಏಕೆಂದರೆ ಅದು ಕೊಟ್ಟ ಭರವಸೆ ಭಯದ್ದು, ಅದನ್ನು ಚಿತ್ರ ಬಡ್ಡಿಸಮೇತ ತೀರಿಸಿತು.

ಇಂದು ಸಾಮಾನ್ಯ ಟ್ರೈಲರ್‌ಗೆ ಅಷ್ಟು ಸಮಯವಿಲ್ಲ. ಅಮೆರಿಕದ ಚಿತ್ರಮಂದಿರ ಮಾಲೀಕರ ಸಂಘ 2014ರಲ್ಲಿ ಎರಡು ನಿಮಿಷ ಸಾಕು ಎಂದು ಸೂಚಿಸಿತು, ಕಡ್ಡಾಯ ಮಾತ್ರ ಮಾಡಲಿಲ್ಲ. ಕನ್ನಡದಲ್ಲಿ ಪ್ರಚಾರದ ಹೊಸ ದಾರಿಗಳು ಆಗಾಗ ತೆರೆದಿವೆ. 2010ರಲ್ಲಿ ಉಪೇಂದ್ರ ತಮ್ಮ ಚಿತ್ರದ ಪೋಸ್ಟರಿನಲ್ಲಿ ಹೆಸರನ್ನೇ ಬರೆಯದೆ ಬೆರಳು ಕೂಡಿಸಿದ ಕೈಮುದ್ರೆಯೊಂದನ್ನು ಇಟ್ಟರು. ಜನರೇ ಅದನ್ನು ‘ಸೂಪರ್’ ಎಂದು ಓದಿಕೊಂಡರು. ಗಾಂಧಿನಗರದ ಗೋಡೆಗಳಿಂದ ಹೊರಟ ಪ್ರಚಾರ ದೇಶವನ್ನೇ ಸುತ್ತಿದ್ದು ‘ಕೆಜಿಎಫ್ ಚಾಪ್ಟರ್ 2’ರ ಕಾಲಕ್ಕೆ. ಯಶ್ ಹುಟ್ಟುಹಬ್ಬವಾದ 2021ರ ಜನವರಿ 8ಕ್ಕೆ ಬರಬೇಕಿದ್ದ ಅದರ ಟೀಸರ್ ಮೊದಲೇ ಸೋರಿದ್ದರಿಂದ ಹಿಂದಿನ ರಾತ್ರಿಯೇ ಬಿಡುಗಡೆಯಾಯಿತು. ಎರಡೇ ದಿನದಲ್ಲಿ 10 ಕೋಟಿ ಸಲ ಅದನ್ನು ನೋಡಲಾಯಿತು. ಚಿತ್ರ ಬಂದದ್ದು ವರ್ಷ ಕಳೆದು, 2022ರ ಏಪ್ರಿಲ್ 14ರಂದು. ಮಾಲು ಅಂಗಡಿಗೆ ಬರುವ 15 ತಿಂಗಳು ಮುಂಚೆಯೇ ಮಾದರಿ ಮನೆಮನೆಗೆ ಹಂಚಿಹೋಗಿತ್ತು.

ಇನ್ನು ನ್ಯಾಯಾಲಯದ ಮಾತು. 2016ರಲ್ಲಿ ಶಾರುಖ್ ಖಾನ್ ಅವರ ‘ಫ್ಯಾನ್’ ಬಂತು. ಅದರ ಪ್ರಚಾರದಲ್ಲಿ ‘ಜಬ್ರಾ ಫ್ಯಾನ್’ ಎಂಬ ಹಾಡು ಎಲ್ಲೆಡೆ ಮೊಳಗಿತ್ತು. ಮಹಾರಾಷ್ಟ್ರದ ಪ್ರೇಕ್ಷಕಿಯೊಬ್ಬರು ಮನೆಯವರೊಂದಿಗೆ ಹೋಗಿ ನೋಡಿದರೆ ಚಿತ್ರದಲ್ಲಿ ಹಾಡೇ ಇಲ್ಲ. ಮಕ್ಕಳು ಬೇಸರದಿಂದ ರಾತ್ರಿ ಊಟ ಮಾಡಲಿಲ್ಲವೆಂಬುದೂ ಅವರ ದೂರಿನಲ್ಲಿತ್ತು. ನಗಬೇಕಾಗಿಲ್ಲ; ಟಿಕೆಟ್ಟಿಗೆ ತೆತ್ತದ್ದು ಮನೆಯ ಖರ್ಚಿನ ದುಡ್ಡು. ಜಿಲ್ಲಾ ವೇದಿಕೆ ದೂರನ್ನು ತಳ್ಳಿತು. ರಾಜ್ಯ ಗ್ರಾಹಕ ಆಯೋಗ 10,000 ರೂಪಾಯಿ ಪರಿಹಾರ, 5,000 ರೂಪಾಯಿ ಖರ್ಚು ಕೊಡಬೇಕೆಂದಿತು. 2020ರಲ್ಲಿ ರಾಷ್ಟ್ರೀಯ ಆಯೋಗ ಅದನ್ನು ಎತ್ತಿಹಿಡಿಯಿತು. ನಿರ್ಮಾಪಕರಾದ ಯಶ್‌ರಾಜ್ ಫಿಲ್ಮ್ಸ್ ಮೇಲ್ಮನವಿ ಹೋಯಿತು.

2024ರ ಏಪ್ರಿಲ್ 22ರಂದು ನ್ಯಾಯಮೂರ್ತಿ ಪಿ.ಎಸ್. ನರಸಿಂಹ ಹಾಗೂ ಕರ್ನಾಟಕದವರೇ ಆದ ನ್ಯಾಯಮೂರ್ತಿ ಅರವಿಂದ ಕುಮಾರ್ ಅವರ ಪೀಠ ಆ ಆದೇಶವನ್ನು ರದ್ದು ಮಾಡಿತು. ಪ್ರಚಾರದ ಟ್ರೈಲರ್ ಒಂದು ಕಡೆಯವರ ಮಾತು. ಟಿಕೆಟ್ ಕೊಳ್ಳಲು ಪ್ರೇಕ್ಷಕನನ್ನು ಹುರಿದುಂಬಿಸುವುದಷ್ಟೇ ಅದರ ಕೆಲಸ. ಅದು ಕರಾರೂ ಅಲ್ಲ, ಕರಾರಿನ ಪ್ರಸ್ತಾವವೂ ಅಲ್ಲ ಎಂಬುದು ತೀರ್ಪಿನ ಸಾರ. ಕಲೆಯನ್ನು ಒದಗಿಸುವವರಿಗೆ ಸ್ವಲ್ಪ ಸ್ವಾತಂತ್ರ್ಯ ಇರಲೇಬೇಕೆಂದೂ ಪೀಠ ಹೇಳಿತು.

ಅಮೆರಿಕದಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸಿತ್ತು. ‘ಯೆಸ್ಟರ್‌ಡೇ’ ಎಂಬ 2019ರ ಚಿತ್ರದ ಟ್ರೈಲರ್‌ನಲ್ಲಿ ಆನಾ ದೆ ಆರ್ಮಾಸ್ ಎಂಬ ನಟಿ ಇದ್ದರು, ಚಿತ್ರದಲ್ಲಿ ಇರಲಿಲ್ಲ. ತಲಾ 3.99 ಡಾಲರ್ ತೆತ್ತು ನೋಡಿದ ಇಬ್ಬರು ಯೂನಿವರ್ಸಲ್ ಸಂಸ್ಥೆಯ ಮೇಲೆ ದಾವೆ ಹೂಡಿದರು. ಟ್ರೈಲರ್ ತಾನೇ ಒಂದು ಕಲಾಕೃತಿ ಎಂದು ಸಂಸ್ಥೆ ವಾದಿಸಿತು. 2022ರ ಡಿಸೆಂಬರಿನಲ್ಲಿ ಅಲ್ಲಿನ ಫೆಡರಲ್ ನ್ಯಾಯಾಧೀಶರು ಒಪ್ಪಲಿಲ್ಲ. ಕಲೆ ಎಷ್ಟೇ ಇರಲಿ, ಟ್ರೈಲರ್ ಜಾಹೀರಾತೇ. ನಟಿ ಅಥವಾ ದೃಶ್ಯ ಚಿತ್ರದಲ್ಲಿದೆಯೆಂದು ನಂಬಿಸುವುದು ಸುಳ್ಳು ಜಾಹೀರಾತಿನ ಕಾನೂನಿಗೆ ಒಳಪಡಬಹುದು ಎಂದರು. ಆ ದಾವೆ ಮುಂದೆ ಬೇರೆ ಕಾರಣಕ್ಕೆ ನಿಲ್ಲಲಿಲ್ಲವಾದರೂ ಮಾತು ದಾಖಲೆಯಾಯಿತು.

ಎರಡರಲ್ಲಿ ಪ್ರೇಕ್ಷಕನಿಗೆ ಹತ್ತಿರವಾದದ್ದು ಅಮೆರಿಕದ ಮಾತೇ. ಚಿತ್ರ ಚೆನ್ನಾಗಿಲ್ಲವೆಂದು ಯಾರೂ ಕೋರ್ಟಿಗೆ ಹೋಗಲಾಗದು, ಹೋಗಲೂ ಬಾರದು. ಆದರೆ ಇದೆ ಎಂದು ತೋರಿಸಿದ ಹಾಡು ಇದೆಯೋ ಇಲ್ಲವೋ ಎಂಬುದು ರುಚಿಯ ಪ್ರಶ್ನೆಯಲ್ಲ, ಎಣಿಕೆಯ ಪ್ರಶ್ನೆ. ಫಾಲ್ಕೆಯವರ ಎರಡು ಮೈಲಿಯಂತೆ ಅಳೆಯಬಹುದಾದದ್ದು. ಆದರೂ ನಿರ್ಮಾಪಕರ ಪಾಲಿಗೆ ಒಂದು ಮಾತು ಹೇಳಲೇಬೇಕು: ಆ ಹಾಡು ಪ್ರಚಾರಕ್ಕೆಂದೇ ಮಾಡಿದ್ದು, ಚಿತ್ರದಲ್ಲಿ ಇರುವುದಿಲ್ಲ ಎಂದು ತಾವು ಮೊದಲೇ ಸಂದರ್ಶನಗಳಲ್ಲಿ ಹೇಳಿದ್ದಾಗಿ ಅವರು ವಾದಿಸಿದ್ದರು. ಟಿಕೆಟ್ ಕೊಂಡವರಿಗೆ ದೊರೆಯದ ಆ ಹಾಡು ಯೂಟ್ಯೂಬಿನಲ್ಲಿ ಈಗಲೂ ಇದೆ, ಪೂರ್ತಿಯಾಗಿ, ಉಚಿತವಾಗಿ.